‘ಅನ್‌ಡ್ಯೂ ಅಡ್ವಾಂಟೇಜ್’: ಅನಗತ್ಯ ಲಾಭವಲ್ಲ, ಸಲ್ಲದ ಲಾಭ

ಅರಸೀಕೆರೆ: ಸರ್ಕಾರಿ ಕಚೇರಿಗಳ ಸೂಚನಾ ಫಲಕಕ್ಕೆ ಅಂಟಿಸುವ ಪ್ರಕಟಣೆಗಳಲ್ಲಿ ಹೆಚ್ಚಿನವು ‘ಸಾರ್ವಜನಿಕರು ಇದರ ಪ್ರಯೋಜನ ಪಡೆದುಕೊಳ್ಳಬೇಕು’ ಎಂಬ ಮಾತಿನಿಂದಲೇ ಮುಗಿಯುತ್ತವೆ. ಅದೇ ಕಚೇರಿಯ ಹೊರಗೆ, ಮರದ ನೆರಳಿನಲ್ಲಿ ಕುಳಿತು ಅರ್ಜಿ ಬರೆದುಕೊಡುವವರ ಕಾಗದಗಳಲ್ಲಿ ಇನ್ನೊಂದು ಮಾತು ಆಗಾಗ ಕಾಣಿಸುತ್ತದೆ: ‘ಸದರಿಯವರು ಅನ್‌ಡ್ಯೂ ಅಡ್ವಾಂಟೇಜ್ ತೆಗೆದುಕೊಂಡಿರುತ್ತಾರೆ’. ಒಳಗಿನ ಪ್ರಕಟಣೆ ಪಡೆಯಿರೆಂದು ಕೋರುವುದು ಪ್ರಯೋಜನವನ್ನು; ಹೊರಗಿನ ಅರ್ಜಿ ದೂರುವುದೂ ಪ್ರಯೋಜನವನ್ನೇ. ನಡುವೆ ಇರುವುದು ‘ಅನ್‌ಡ್ಯೂ’ ಎಂಬ ಒಂದು ವಿಶೇಷಣ ಮಾತ್ರ.

ಈ ವಿಶೇಷಣದ ಅರ್ಥವನ್ನು ಸರಿಯಾಗಿ ತಿಳಿಯದೆ ಬಳಸುವುದರಿಂದ ಆಗುವ ನಷ್ಟ ಕೇವಲ ಭಾಷೆಗೆ ಸಂಬಂಧಿಸಿದ್ದಲ್ಲ. 2018ರಿಂದ ಇದು ಭ್ರಷ್ಟಾಚಾರ ನಿಗ್ರಹ ಕಾಯ್ದೆಯ ಮುಖ್ಯ ಪಾರಿಭಾಷಿಕ ಪದ. ಇದನ್ನು ತಪ್ಪಾಗಿ ಬರೆದ ದೂರು ಯಾವ ಕಲಮಿಗೂ ಹೊಂದದೆ ಕಡತದಲ್ಲೇ ಉಳಿಯಬಹುದು. ಲಂಚ ಕೇಳಿದ ನೌಕರ ಪಾರಾಗಬಹುದು. ಲಂಚದ ಸೋಂಕೇ ಇಲ್ಲದ ನೌಕರನ ಮೇಲೆ, ಬರೀ ವಿಳಂಬ ಮಾಡಿದ ತಪ್ಪಿಗೆ, ಲಂಚದ ಆರೋಪ ಬೀಳಲೂಬಹುದು.

ಮೊದಲು ಪದದ ವಿಚಾರ. ‘ಅನ್‌ಡ್ಯೂ ಅಡ್ವಾಂಟೇಜ್’ ಎಂಬುದಕ್ಕೆ ‘ಅನಗತ್ಯ ಲಾಭ’ ಅಥವಾ ‘ಅನಗತ್ಯ ಪ್ರಯೋಜನ’ ಎಂಬ ಅನುವಾದ ಕಣ್ಣಿಗೆ ಬೀಳುವುದುಂಟು. ಯಂತ್ರಾನುವಾದದ ಕಾಲದಲ್ಲಿ ಇಂಥವು ಬೇಗ ಹರಡುತ್ತವೆ. ಇದು ತಪ್ಪು. ಅನಗತ್ಯವೆಂದರೆ ಬೇಕಿಲ್ಲದ್ದು. ಲಂಚ ತೆಗೆದುಕೊಳ್ಳುವವನಿಗೆ ಅದು ಬೇಕಿಲ್ಲವೆಂದು ಯಾರೂ ಹೇಳಲಾರರು. ಇಂಗ್ಲಿಷಿನ ‘ಡ್ಯೂ’ ಎಂದರೆ ಒಬ್ಬನಿಗೆ ನ್ಯಾಯವಾಗಿ ಬರಬೇಕಾದದ್ದು, ಸಲ್ಲಬೇಕಾದದ್ದು. ಆದ್ದರಿಂದ ‘ಅನ್‌ಡ್ಯೂ’ ಎಂದರೆ ಸಲ್ಲದ್ದು. ‘ಅತಿಯಾದ ಲಾಭ’ ಎಂಬ ಅನುವಾದವೂ ಇಷ್ಟೇ ದಾರಿ ತಪ್ಪಿಸುತ್ತದೆ. ಅದು ಅಳತೆಯ ಪ್ರಶ್ನೆಯನ್ನು ಎತ್ತುತ್ತದೆ. ಕಾಯ್ದೆ ಕೇಳುವುದು ಎಷ್ಟು ತೆಗೆದುಕೊಂಡ ಎಂದಲ್ಲ, ತೆಗೆದುಕೊಂಡದ್ದು ಅವನಿಗೆ ಸಲ್ಲುತ್ತಿತ್ತೇ ಎಂದು. ‘ಅನುಚಿತ ಲಾಭ’ ಎಂಬ ಪ್ರಯೋಗ ತಪ್ಪಲ್ಲ. ಆದರೂ ‘ಸಲ್ಲದ ಲಾಭ’ ಎಂಬುದರಲ್ಲಿರುವ ನಿಖರತೆ ಅದರಲ್ಲಿಲ್ಲ.

‘ಸಲ್ಲು’ ಎಂಬ ಧಾತು ಈ ಸೀಮೆಗೆ ಹೊಸದೂ ಅಲ್ಲ. ಬಿ.ಎಲ್. ರೈಸ್ ಅವರು ಹಾಸನ ಜಿಲ್ಲೆಯ ಶಾಸನಗಳನ್ನು ಸಂಗ್ರಹಿಸಿ ಎಪಿಗ್ರಾಫಿಯಾ ಕರ್ನಾಟಿಕಾದ 5ನೇ ಸಂಪುಟವಾಗಿ 1902ರಲ್ಲಿ ಪ್ರಕಟಿಸಿದರು. ಬೇಲೂರು, ಹಳೇಬೀಡು, ಅರಸೀಕೆರೆ ಸುತ್ತಿನ ಹೊಯ್ಸಳರ ಕಾಲದ ದಾನಶಾಸನಗಳು ಅದರಲ್ಲಿವೆ. ದೇವಾಲಯಕ್ಕೋ ಅಗ್ರಹಾರಕ್ಕೋ ಬಿಟ್ಟ ಭೂಮಿಯ ಎಲ್ಲೆ ಯಾವುದು, ಅದರ ಆದಾಯ ಯಾವ ಪೂಜೆಗೆ, ಯಾವ ಪರಿಚಾರಕನಿಗೆ ಸಲ್ಲಬೇಕು ಎಂಬುದನ್ನು ಇಂಥ ಶಾಸನಗಳು ಕರಾರುವಾಕ್ಕಾಗಿ ಹೇಳುತ್ತವೆ. ಬಳಿಕ ಬರುವುದು ಶಾಪಾಶಯ: ತಾನು ಕೊಟ್ಟದ್ದಾಗಲಿ ಪರರು ಕೊಟ್ಟದ್ದಾಗಲಿ, ದಾನದ ನೆಲವನ್ನು ಕಸಿದುಕೊಂಡವನು ಅರುವತ್ತು ಸಾವಿರ ವರ್ಷ ಮಲದ ಹುಳುವಾಗಿ ಹುಟ್ಟುವನು, ಗಂಗೆಯ ತಡಿಯಲ್ಲಿ ಕಪಿಲೆ ಹಸುವನ್ನು ಕೊಂದ ಪಾಪ ಅವನಿಗೆ ತಟ್ಟುವುದು. ಶಿಕ್ಷೆಯ ಅವಧಿ ಈಗಿನ ಕಾಯ್ದೆಗಿಂತ ಬಹಳ ದೀರ್ಘವೆಂಬುದನ್ನು ಬಿಟ್ಟರೆ, ತರ್ಕ ಒಂದೇ. ಸಲ್ಲಬೇಕಾದದ್ದನ್ನು ಮೊದಲು ಗುರುತಿಸದೆ ಸಲ್ಲದ್ದನ್ನು ಗುರುತಿಸಲು ಬಾರದು.

ಇನ್ನು ಕಾಯ್ದೆಗೆ ಬರುವುದಾದರೆ, 1988ರ ಭ್ರಷ್ಟಾಚಾರ ನಿಗ್ರಹ ಕಾಯ್ದೆಯ ಮೂಲ ರೂಪದಲ್ಲಿ ಈ ಪದಪುಂಜ ಕೇಂದ್ರದಲ್ಲಿ ಇರಲಿಲ್ಲ. ಅಲ್ಲಿ ಇದ್ದದ್ದು ‘ಕಾನೂನುಬದ್ಧ ಸಂಭಾವನೆಯಲ್ಲದ ಪ್ರತಿಫಲ’ ಎಂಬ ಅರ್ಥದ ಮಾತು. ವಿಶ್ವಸಂಸ್ಥೆ 2003ರಲ್ಲಿ ಅಂಗೀಕರಿಸಿದ ಭ್ರಷ್ಟಾಚಾರ ವಿರೋಧಿ ಒಡಂಬಡಿಕೆಯ 15ನೇ ವಿಧಿ ‘ಅನ್‌ಡ್ಯೂ ಅಡ್ವಾಂಟೇಜ್’ ಎಂಬ ಪದವನ್ನು ಬಳಸಿತು. ಭಾರತ ಆ ಒಡಂಬಡಿಕೆಯನ್ನು 2011ರಲ್ಲಿ ಸ್ಥಿರೀಕರಿಸಿತು. 2018ರ ಜುಲೈ 26ರಿಂದ ಜಾರಿಗೆ ಬಂದ ತಿದ್ದುಪಡಿಯಲ್ಲಿ ಆ ಪದ ದೇಶದ ಕಾಯ್ದೆಯೊಳಕ್ಕೂ ಬಂತು. ಕಾನೂನುಬದ್ಧ ಸಂಭಾವನೆಯನ್ನು ಬಿಟ್ಟು ಬೇರೆ ಯಾವುದೇ ಪ್ರತಿಫಲ ‘ಅನ್‌ಡ್ಯೂ ಅಡ್ವಾಂಟೇಜ್’ ಆಗುತ್ತದೆಂಬುದು ಅಲ್ಲಿನ ವ್ಯಾಖ್ಯೆಯ ಸಾರ. ಕಾನೂನುಬದ್ಧ ಸಂಭಾವನೆಯೆಂದರೆ ಸಂಬಳ ಮಾತ್ರವಲ್ಲ. ಸರ್ಕಾರ ಅಥವಾ ಸಂಸ್ಥೆ ಸ್ವೀಕರಿಸಲು ಅನುಮತಿಸಿದ ಎಲ್ಲವೂ ಅದರಲ್ಲಿ ಸೇರುತ್ತವೆ.

ಕಾಯ್ದೆಯ 7ನೇ ಕಲಮಿನ ಕೆಳಗೆ ಶಾಸಕಾಂಗವೇ ಕೊಟ್ಟಿರುವ ಉದಾಹರಣೆ ಯಾವ ತಾಲ್ಲೂಕಿನವರಿಗೂ ಪರಿಚಿತವೆನ್ನಿಸುವಂಥದು. ಪಡಿತರ ಚೀಟಿಯ ಮಾಮೂಲಿ ಅರ್ಜಿಯೊಂದನ್ನು ಸಕಾಲಕ್ಕೆ ವಿಲೇವಾರಿ ಮಾಡಲು ನೌಕರನೊಬ್ಬ ಐದು ಸಾವಿರ ರೂಪಾಯಿ ಕೇಳುತ್ತಾನೆ. ಅವನು ಅಪರಾಧಿ. ಇಲ್ಲಿ ಗಮನಿಸಬೇಕಾದ ಸೂಕ್ಷ್ಮವಿದೆ. ಅರ್ಜಿದಾರನಿಗೆ ಪಡಿತರ ಚೀಟಿ ಸಲ್ಲಬೇಕಾದದ್ದೇ. ನೌಕರ ಮಾಡಬೇಕಾದ ಕೆಲಸವೂ ಸಕ್ರಮವೇ. ಸಲ್ಲದ್ದು ಐದು ಸಾವಿರ ರೂಪಾಯಿ ಮಾತ್ರ. ಕೆಲಸ ಕ್ರಮಬದ್ಧವಾಗಿ ನಡೆದರೂ, ಸಲ್ಲದ ಲಾಭವನ್ನು ಪಡೆಯುವುದು, ಒಪ್ಪುವುದು ಅಥವಾ ಪಡೆಯಲು ಯತ್ನಿಸುವುದೇ ಅಪರಾಧವೆಂದು ಕಾಯ್ದೆಯ ವಿವರಣೆ ಸ್ಪಷ್ಟಪಡಿಸುತ್ತದೆ. ಹಣ ತನಗೇ ಬರಬೇಕೆಂದಿಲ್ಲ, ನೇರವಾಗಿಯೇ ಬರಬೇಕೆಂದೂ ಇಲ್ಲ. ಮಧ್ಯವರ್ತಿಯ ಕೈಗೆ ಬಂದರೂ ಅಷ್ಟೇ. ಶಿಕ್ಷೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಸೆರೆವಾಸ ಮತ್ತು ದಂಡ. ‘ಕೆಲಸವನ್ನೇನೋ ಸರಿಯಾಗಿಯೇ ಮಾಡಿಕೊಟ್ಟರು, ಕಾಫಿಗೆ ಅಂತ ಸ್ವಲ್ಪ ಕೊಟ್ಟೆ’ ಎಂಬ ಸಮಾಧಾನಕ್ಕೆ ಕಾಯ್ದೆಯಲ್ಲಿ ಎಡೆಯಿಲ್ಲ.

ಕನ್ನಡದಲ್ಲಿ ಲಂಚಕ್ಕೆ ‘ಮಾಮೂಲು’ ಎಂಬ ಹೆಸರಿರುವುದು ಇಲ್ಲಿ ನೆನಪಾಗುವಂಥದು. ಅರಬ್ಬಿ ಮೂಲದ ಈ ಪದದ ಅರ್ಥ ವಾಡಿಕೆಯಾದದ್ದು, ಎಂದಿನಂತೆ ನಡೆಯುವಂಥದು. ಸಲ್ಲದ್ದನ್ನು ಸಲ್ಲುವಂತೆ ತೋರಿಸುವ ಶಕ್ತಿ ಈ ಹೆಸರಿಗಿದೆ. ದಿನವೂ ಕೊಡುವುದರಿಂದ, ಎಲ್ಲರೂ ಕೊಡುವುದರಿಂದ ಅದು ಶುಲ್ಕದಂತೆ ಭಾಸವಾಗುತ್ತದೆ. ಆದರೆ ವಾಡಿಕೆ ಕಾನೂನುಬದ್ಧ ಸಂಭಾವನೆಯಲ್ಲ. ರಸೀದಿಯಿಲ್ಲದ ಶುಲ್ಕವೂ ಅಲ್ಲ.

ಹಾಗಿದ್ದರೆ ‘ಲಂಚ’ ಎಂದೇ ಬರೆದರೆ ಸಾಲದೇ ಎಂಬ ಪ್ರಶ್ನೆ ಸಹಜ. ಬಹಳ ಸಂದರ್ಭಗಳಲ್ಲಿ ಸಾಕು, ಅದೇ ಉತ್ತಮವೂ ಹೌದು. ಆದರೆ ಲಂಚವೆಂದೊಡನೆ ಮನಸ್ಸಿಗೆ ಬರುವುದು ನೋಟಿನ ಕಂತೆ. ಪ್ರತಿಫಲವು ಹಣದ ರೂಪಕ್ಕಾಗಲಿ ಹಣದಲ್ಲಿ ಅಳೆಯಬಹುದಾದ ರೂಪಕ್ಕಾಗಲಿ ಸೀಮಿತವಲ್ಲವೆಂದು ಕಾಯ್ದೆ ಹೇಳುತ್ತದೆ. ಬೇಲೂರಿನಿಂದ ಒಂದು ಕಾಲ್ಪನಿಕ ಸನ್ನಿವೇಶವನ್ನು ತೆಗೆದುಕೊಳ್ಳಬಹುದು. ವಿಷ್ಣುವರ್ಧನನ ಕಾಲದಲ್ಲಿ, 1117ರಲ್ಲಿ ಪ್ರತಿಷ್ಠೆಗೊಂಡ ಚೆನ್ನಕೇಶವ ದೇವಾಲಯದ ಸುತ್ತ ಜನವಸತಿಯಿದೆ. ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯ ಪ್ರಕಾರ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ವರೆಗೆ ನಿಷೇಧಿತ ವಲಯ, ಅದರಾಚೆ ಮತ್ತೆ 200 ಮೀಟರ್ ನಿಯಂತ್ರಿತ ವಲಯ. ಹಳೆಯ ಮನೆಯ ಮಾಡು ದುರಸ್ತಿಗೂ ಅನುಮತಿ ಬೇಕು. ಅನುಮತಿಯ ಕಡತ ಮುಂದೆ ಹೋಗಬೇಕಾದರೆ ತನ್ನ ಅಕ್ಕನ ಮಗನನ್ನು ಅಂಗಡಿಯಲ್ಲಿ ಕೆಲಸಕ್ಕೆ ಇಟ್ಟುಕೊಳ್ಳಬೇಕೆಂದು ನೌಕರನೊಬ್ಬ ಮನೆಯ ಮಾಲೀಕನಿಗೆ ಹೇಳಿದರೆ, ಒಂದು ರೂಪಾಯಿಯೂ ಕೈ ಬದಲಾಗಿರುವುದಿಲ್ಲ. ಅದೂ ಸಲ್ಲದ ಲಾಭವೇ. ಲೈಂಗಿಕ ಬೇಡಿಕೆಯೂ ಅಷ್ಟೇ. ಇಂಥ ಸಂದರ್ಭದಲ್ಲಿ ‘ಲಂಚ ಕೇಳಿದರು’ ಎಂದಷ್ಟೇ ಬರೆದರೆ ಓದಿದವರು ಮೊತ್ತವೆಷ್ಟೆಂದು ಕೇಳುತ್ತಾರೆ. ವ್ಯಾಪಕವಾದ ಪದ ಇಲ್ಲಿ ಬೇಕಾಗುತ್ತದೆ.

ವ್ಯಾಪಕವಾದ ಮಾತ್ರಕ್ಕೆ ಅದನ್ನು ಎಲ್ಲ ಮೋಸಕ್ಕೂ ಅಂಟಿಸಲಾಗದು. ಅರಸೀಕೆರೆಯ ಕೊಬ್ಬರಿಯನ್ನೇ ನೋಡಬಹುದು. 2024ರ ಹಂಗಾಮಿಗೆ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಕ್ವಿಂಟಲ್‌ಗೆ 12,000 ರೂಪಾಯಿ ಬೆಂಬಲ ಬೆಲೆ ಘೋಷಿಸಿತ್ತು. ಬೆಂಬಲ ಬೆಲೆಯ ಖರೀದಿ ಬೆಳೆಗಾರನಿಗಾಗಿ ಇರುವಂಥದು. ವರ್ತಕನೊಬ್ಬ ಪೇಟೆಯಲ್ಲಿ ಕಡಿಮೆ ಬೆಲೆಗೆ ಕೊಂಡ ಕೊಬ್ಬರಿಯನ್ನು ಬೇರೊಬ್ಬ ರೈತನ ಪಹಣಿ ತೋರಿಸಿ ಖರೀದಿ ಕೇಂದ್ರಕ್ಕೆ ಹಾಕಿದನೆಂದು ಭಾವಿಸೋಣ. ಅವನಿಗೆ ಸಲ್ಲದ ಲಾಭ ಬಂದಿತೆಂದು ಆಡುಮಾತಿನಲ್ಲಿ ಹೇಳಬಹುದು. ಆದರೆ ಅವನು ಲೋಕಸೇವಕನಲ್ಲ. ಆದುದರಿಂದ ಭ್ರಷ್ಟಾಚಾರ ನಿಗ್ರಹ ಕಾಯ್ದೆಯ ಅರ್ಥದಲ್ಲಿ ಅವನು ‘ಅನ್‌ಡ್ಯೂ ಅಡ್ವಾಂಟೇಜ್’ ಪಡೆದಿಲ್ಲ. ಅವನು ಮಾಡಿದ್ದು ವಂಚನೆ. ಅದರಿಂದ ಬಂದದ್ದಕ್ಕೆ ‘ರಾಂಗ್‌ಫುಲ್ ಗೇನ್’, ಅಂದರೆ ಅಕ್ರಮ ಲಾಭ ಎಂಬ ಪದವಿದೆ. ಹಳೆಯ ದಂಡ ಸಂಹಿತೆಯ 23ನೇ ಕಲಮಿನಲ್ಲಿದ್ದ ಈ ವ್ಯಾಖ್ಯೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 2(36)ರಲ್ಲಿ ಮುಂದುವರಿದಿದೆ: ತನಗೆ ಕಾನೂನಿನ ಹಕ್ಕಿಲ್ಲದ ಸ್ವತ್ತನ್ನು ಕಾನೂನುಬಾಹಿರ ಮಾರ್ಗದಿಂದ ಗಳಿಸುವುದು.

ಆ ಚೀಲಗಳನ್ನು ನೋಡಿಯೂ ನೋಡದಂತಿರಲು ಖರೀದಿ ಕೇಂದ್ರದ ಅಧಿಕಾರಿ ಚೀಲಕ್ಕೆ ಇಷ್ಟೆಂದು ಪಡೆದಿದ್ದರೆ, ಆಗ ಸಲ್ಲದ ಲಾಭದ ಕಾಯ್ದೆ ಬಾಗಿಲು ತೆರೆಯುತ್ತದೆ. ಅಧಿಕಾರಿಯೆಂದರೆ ಸರ್ಕಾರಿ ನೌಕರನೇ ಆಗಬೇಕಿಲ್ಲ. ಸರ್ಕಾರದ ಹಣಕಾಸು ನೆರವು ಪಡೆಯುವ, ಕೃಷಿ ಅಥವಾ ವ್ಯಾಪಾರದಲ್ಲಿ ತೊಡಗಿರುವ ನೋಂದಾಯಿತ ಸಹಕಾರ ಸಂಘದ ಅಧ್ಯಕ್ಷ, ಕಾರ್ಯದರ್ಶಿ ಮುಂತಾದವರೂ ಈ ಕಾಯ್ದೆಯ ಪ್ರಕಾರ ಲೋಕಸೇವಕರು. ಊರಿನ ಸೊಸೈಟಿಯ ಪದಾಧಿಕಾರಿಗಳಲ್ಲಿ ಎಷ್ಟು ಮಂದಿಗೆ ಈ ವಿಷಯ ತಿಳಿದಿದೆಯೋ!

ಲೋಕಸೇವಕನಿಂದ ಯಾರಿಗೋ ಲಾಭವಾಯಿತು ಎಂದಷ್ಟೇ ತೋರಿಸಿದರೆ ಸಾಕೇ? ಈ ಪ್ರಶ್ನೆಯನ್ನು ಸುಪ್ರೀಂ ಕೋರ್ಟಿನವರೆಗೆ ಒಯ್ದ ಮೊಕದ್ದಮೆಯೊಂದು ಕರ್ನಾಟಕದವರಿಗೆ ಚೆನ್ನಾಗಿ ಪರಿಚಿತರಾದ ಸಿ.ಕೆ. ಜಾಫರ್ ಷರೀಫ್ ಅವರದು. ಅರಸೀಕೆರೆ ಜಂಕ್ಷನ್ನಿನ ಮೀಟರ್‌ಗೇಜ್ ಹಳಿಗಳು 1990ರ ದಶಕದಲ್ಲಿ ಬ್ರಾಡ್‌ಗೇಜ್ ಆದದ್ದು ಯಾವ ಯೂನಿಗೇಜ್ ಯೋಜನೆಯ ಕಾಲದಲ್ಲೋ, ಆ ಯೋಜನೆ 1992ರಲ್ಲಿ ಆರಂಭವಾದಾಗ ರೈಲ್ವೆ ಸಚಿವರಾಗಿದ್ದವರು ಅವರು. ಅವರ ವಿರುದ್ಧದ ಆರೋಪಕ್ಕೂ ಹಳಿಗಳಿಗೂ ಸಂಬಂಧವಿರಲಿಲ್ಲ. ಚಿಕಿತ್ಸೆಗಾಗಿ ಲಂಡನ್ನಿಗೆ ಹೋದಾಗ ನಾಲ್ವರು ಸಿಬ್ಬಂದಿಯ ಪ್ರಯಾಣದ ವೆಚ್ಚವನ್ನು ರೈಲ್ವೆಗೆ ಸೇರಿದ ರೈಟ್ಸ್ ಮತ್ತು ಇರ್ಕಾನ್ ಸಂಸ್ಥೆಗಳು ಭರಿಸುವಂತೆ ಮಾಡಿದರೆಂಬುದು ಸಿಬಿಐ ದೂರು. ಆಗ ಜಾರಿಯಲ್ಲಿದ್ದ 13(1)(ಡಿ) ಕಲಮಿನಲ್ಲಿ ಇದ್ದ ಪದ ‘ಪೆಕ್ಯೂನಿಯರಿ ಅಡ್ವಾಂಟೇಜ್’, ಅಂದರೆ ಹಣಕಾಸಿನ ಲಾಭ. 2012ರ ನವೆಂಬರ್ 9ರಂದು ಸುಪ್ರೀಂ ಕೋರ್ಟ್ ಮೊಕದ್ದಮೆಯನ್ನು ರದ್ದುಪಡಿಸಿತು. ಹೋದ ಸಿಬ್ಬಂದಿ ಸಚಿವರ ಅಧಿಕೃತ ಕರ್ತವ್ಯಕ್ಕೆ ನೆರವಾದವರೇ. ಅಪ್ರಾಮಾಣಿಕ ಉದ್ದೇಶವೇ ಈ ಅಪರಾಧದ ತಿರುಳು, ಅದು ಇಲ್ಲಿ ಕಾಣುವುದಿಲ್ಲ ಎಂದು ಪೀಠ ಹೇಳಿತು. ವೆಚ್ಚವಾಗಿತ್ತು, ಅನುಕೂಲವೂ ಆಗಿತ್ತು. ಅಷ್ಟರಿಂದಲೇ ಅದು ಅಪರಾಧವಾಗಲಿಲ್ಲ. 2018ರ ತಿದ್ದುಪಡಿ ಆ ಕಲಮನ್ನೇ ತೆಗೆದುಹಾಕಿತು. ಹಾಗೆ ತೆಗೆದದ್ದು ಸರಿಯೇ ಎಂಬ ಚರ್ಚೆ ಬೇರೆ. ದೂರು ಬರೆಯುವವರು ಗಮನಿಸಬೇಕಾದದ್ದು, ‘ಅಡ್ವಾಂಟೇಜ್’ ಎಂಬ ನಾಮಪದಕ್ಕಿಂತ ಅದರ ಹಿಂದಿನ ವಿಶೇಷಣವೇ ಹೆಚ್ಚು ಭಾರ ಹೊರುತ್ತದೆ ಎಂಬುದನ್ನು.

ಇಷ್ಟು ಹೊತ್ತು ಹೇಳಿದ್ದು ‘ಆನ್ ಅನ್‌ಡ್ಯೂ ಅಡ್ವಾಂಟೇಜ್’ ಎಂಬ ನಾಮಪದದ ಮಾತು. ಜನ ಹೆಚ್ಚಾಗಿ ಆಡುವುದು ಇದರ ಕ್ರಿಯಾರೂಪವನ್ನು: ‘ಟೇಕ್ ಅನ್‌ಡ್ಯೂ ಅಡ್ವಾಂಟೇಜ್ ಆಫ್’. ಇದು ಬೇರೆಯೇ ಮಾತು. ‘ಅವರು ನನ್ನ ಒಳ್ಳೆಯತನದ ಅನ್‌ಡ್ಯೂ ಅಡ್ವಾಂಟೇಜ್ ತೆಗೆದುಕೊಂಡರು’ ಎಂದರೆ ಲಂಚ ಪಡೆದರೆಂದಲ್ಲ, ಒಳ್ಳೆಯತನವನ್ನು ದುರುಪಯೋಗ ಮಾಡಿಕೊಂಡರೆಂದು. ಇಂಗ್ಲಿಷಿನಲ್ಲಿ ‘ಟೇಕ್ ಅಡ್ವಾಂಟೇಜ್ ಆಫ್’ ಎಂಬುದರ ಮುಂದೆ ಯೋಜನೆ, ಅವಕಾಶ, ರಿಯಾಯಿತಿ ಬಂದರೆ ಅದು ನಿರ್ದೋಷವಾದ ಸದುಪಯೋಗ. ಅದರ ಮುಂದೆ ವ್ಯಕ್ತಿ ಬಂದರೆ ‘ಅನ್‌ಡ್ಯೂ’ ಸೇರಿಸದಿದ್ದರೂ ಅದು ಶೋಷಣೆ. ಹೆಣ್ಣಿನ ವಿಷಯದಲ್ಲಿ ಈ ಮಾತು ಲೈಂಗಿಕ ದೌರ್ಜನ್ಯವನ್ನು ಮುಚ್ಚಿ ಹೇಳುವ ಪರದೆಯೂ ಆಗುತ್ತದೆ. ಪೊಲೀಸರಿಗೆ ಕೊಡುವ ದೂರಿನಲ್ಲಿ ಆ ಪರದೆ ಇರಬಾರದು. ನಡೆದದ್ದನ್ನು ನಡೆದಂತೆಯೇ ಬರೆಯಬೇಕು.

ಗೊಂದಲಕ್ಕೆ ಇನ್ನೊಂದು ಕಾರಣವೂ ಇದೆ. ಇದೇ ಎರಡು ಪದಗಳು ಕೊಲೆಯ ಕಲಮಿನಲ್ಲೂ ಕುಳಿತಿವೆ. ದಿಢೀರ್ ಜಗಳದಲ್ಲಿ, ಪೂರ್ವಸಿದ್ಧತೆಯಿಲ್ಲದೆ, ಆವೇಶದಲ್ಲಿ ನಡೆದ ಹತ್ಯೆ ಕೊಲೆಯಾಗದಿರಲು ಆರೋಪಿ ‘ಅನ್‌ಡ್ಯೂ ಅಡ್ವಾಂಟೇಜ್’ ಪಡೆದಿರಬಾರದು, ಕ್ರೂರವಾಗಿ ನಡೆದುಕೊಂಡಿರಬಾರದು ಎಂಬ ಷರತ್ತು ಹಳೆಯ 300ನೇ ಕಲಮಿನ 4ನೇ ಅಪವಾದದಲ್ಲಿತ್ತು. ಈಗ ನ್ಯಾಯ ಸಂಹಿತೆಯ 101ನೇ ಕಲಮಿನಲ್ಲಿದೆ. ಬರಿಗೈಯವನ ಮೇಲೆ ಮಚ್ಚು ಎತ್ತಿದವನಿಗೆ ಈ ಅಪವಾದ ದೊರೆಯುವುದು ಕಷ್ಟ. ಇಲ್ಲಿ ಈ ಪದಕ್ಕೆ ‘ಅನ್‌ಫೇರ್ ಅಡ್ವಾಂಟೇಜ್’ ಎಂದೇ ಅರ್ಥವೆಂದು ಸುಪ್ರೀಂ ಕೋರ್ಟ್ ಹಲವು ತೀರ್ಪುಗಳಲ್ಲಿ ಹೇಳಿದೆ. ಕನ್ನಡದಲ್ಲಿ ‘ಅನುಚಿತ ಮೇಲುಗೈ’ ಎನ್ನಬಹುದು. ‘ಲಾಭ’ ಎಂದು ಬರೆದರೆ ಹೆಣದ ಮೇಲೆ ಯಾರೋ ಹಣ ಮಾಡಿದಂತೆ ಕೇಳಿಸುತ್ತದೆ.

ಕರಾರಿನ ಕಾಯ್ದೆಯ ಮಾತು ಮತ್ತೊಂದು. 1872ರ ಆ ಕಾಯ್ದೆಯ 16ನೇ ಕಲಮಿನಲ್ಲಿ ಇರುವುದು ‘ಅನ್‌ಡ್ಯೂ ಇನ್‌ಫ್ಲುಯೆನ್ಸ್’. ಒಬ್ಬರ ಇಚ್ಛೆಯನ್ನು ಆಳುವ ಸ್ಥಾನದಲ್ಲಿರುವವರು ಆ ಸ್ಥಾನವನ್ನು ಬಳಸಿ ಅವರ ಮೇಲೆ ‘ಅನ್‌ಫೇರ್ ಅಡ್ವಾಂಟೇಜ್’ ಗಳಿಸುವುದು ಅದರ ಅರ್ಥ. ಕಾಯಿಲೆಯಿಂದ ಮಲಗಿದ ವೃದ್ಧೆಯ ತೆಂಗಿನ ತೋಟವನ್ನು ನೋಡಿಕೊಳ್ಳುತ್ತಿದ್ದ ಬಂಧು ಅರೆಬೆಲೆಗೆ ಬರೆಸಿಕೊಂಡರೆ ಅದು ಈ ಜಾತಿಯ ವ್ಯಾಜ್ಯ. ಇಂಥ ಕರಾರನ್ನು ರದ್ದುಪಡಿಸುವಂತೆ ಕೇಳಬೇಕಾದದ್ದು ಸಿವಿಲ್ ನ್ಯಾಯಾಲಯದಲ್ಲಿ, ಲೋಕಾಯುಕ್ತದಲ್ಲಲ್ಲ. ಇಂಗ್ಲಿಷಿನಲ್ಲಿ ಬರೆಯುವವರಿಗೆ ವಿಭಕ್ತಿಯಂತೆ ಕೆಲಸ ಮಾಡುವ ಪುಟ್ಟ ಪದಗಳೇ ಗುರುತು: ಲಂಚವಾದರೆ ಒಬ್ಬರ ಕಡೆಯಿಂದ, ‘ಫ್ರಮ್’; ದುರುಪಯೋಗವಾದರೆ ಒಬ್ಬರದನ್ನು, ‘ಆಫ್’; ಮೇಲುಗೈಯಾದರೆ ಒಬ್ಬರ ಮೇಲೆ, ‘ಓವರ್’.

ಲಂಚದ ದೂರಿನಲ್ಲಿ ಈ ಇಂಗ್ಲಿಷ್ ಪದವನ್ನು ಬರೆಯಲೇಬೇಕೆಂಬ ನಿಯಮವಿಲ್ಲ. ಬೇಕಾದದ್ದು ಸಂಗತಿ: ಯಾರು, ಯಾವ ದಿನ, ಎಲ್ಲಿ, ಯಾವ ಕೆಲಸಕ್ಕೆ, ಏನನ್ನು ಕೇಳಿದರು, ಕೊಟ್ಟಿದ್ದರೆ ಯಾರ ಕೈಗೆ ಕೊಟ್ಟದ್ದು. ಬೇಡಿಕೆ ಮತ್ತು ಸ್ವೀಕಾರ ಸಾಬೀತಾಗದೆ ಅಪರಾಧ ನಿಲ್ಲದೆಂದೂ, ಆದರೆ ದೂರುದಾರ ಸತ್ತರೂ ಪ್ರತಿಕೂಲ ಸಾಕ್ಷಿಯಾದರೂ ಅವುಗಳನ್ನು ಇತರ ಸಾಕ್ಷ್ಯ ಮತ್ತು ಸಾಂದರ್ಭಿಕ ಪುರಾವೆಗಳಿಂದ ಸಾಬೀತುಪಡಿಸಬಹುದೆಂದೂ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ನೀರಜ್ ದತ್ತಾ ಪ್ರಕರಣದಲ್ಲಿ 2022ರ ಡಿಸೆಂಬರ್ 15ರಂದು ತೀರ್ಪಿತ್ತಿದೆ. ‘ಅನ್‌ಡ್ಯೂ ಅಡ್ವಾಂಟೇಜ್ ತೆಗೆದುಕೊಂಡರು’ ಎಂಬ ಒಂದೇ ಸಾಲಿನಲ್ಲಿ ಬೇಡಿಕೆಯೂ ಇಲ್ಲ, ಸ್ವೀಕಾರವೂ ಇಲ್ಲ.

ಕೊಟ್ಟವರಿಗೆ ಕಾಲಮಿತಿಯೂ ಇದೆ. 2018ರ ತಿದ್ದುಪಡಿಯ ನಂತರ ಲಂಚ ಕೊಡುವುದೂ 8ನೇ ಕಲಮಿನಡಿ ನೇರ ಅಪರಾಧ. 7 ವರ್ಷದವರೆಗೆ ಸೆರೆವಾಸ, ದಂಡ ಅಥವಾ ಎರಡೂ. ಒತ್ತಾಯಕ್ಕೆ ಸಿಲುಕಿ ಕೊಟ್ಟವರು 7 ದಿನಗಳೊಳಗೆ ಪೊಲೀಸರಿಗೆ ಅಥವಾ ತನಿಖಾ ಸಂಸ್ಥೆಗೆ ತಿಳಿಸಿದರೆ ಈ ಅಪರಾಧ ಅವರಿಗೆ ತಟ್ಟದು. ಮೊದಲೇ ತಿಳಿಸಿ, ಬಲೆ ಬೀಸಲು ನೆರವಾಗಿ ಕೊಟ್ಟವರಿಗೂ ರಕ್ಷಣೆಯಿದೆ. ಕೊಟ್ಟವನ ಹೇಳಿಕೆಯನ್ನು ಅವನ ವಿರುದ್ಧವೇ ಬಳಸದಂತೆ ಕಾಯುತ್ತಿದ್ದ ಹಳೆಯ 24ನೇ ಕಲಮು ಈಗ ಇಲ್ಲ. ‘ನೋಡೋಣ, ಕೆಲಸ ಆಗದಿದ್ದರೆ ಆಮೇಲೆ ದೂರು ಕೊಡೋಣ’ ಎಂದು ತಿಂಗಳುಗಟ್ಟಲೆ ಕಾಯುವ ರೈತ ಈ 7 ದಿನಗಳನ್ನು ತನಗರಿವಿಲ್ಲದೆಯೇ ಕಳೆದುಕೊಳ್ಳುತ್ತಾನೆ. ರಾಜ್ಯದಲ್ಲಿ 2016ರಲ್ಲಿ ರಚನೆಯಾಗಿದ್ದ ಭ್ರಷ್ಟಾಚಾರ ನಿಗ್ರಹ ದಳವನ್ನು ಹೈಕೋರ್ಟ್ 2022ರ ಆಗಸ್ಟ್ 11ರಂದು ರದ್ದುಪಡಿಸಿದ ಮೇಲೆ ಇಂಥ ದೂರುಗಳು ಲೋಕಾಯುಕ್ತ ಪೊಲೀಸರಿಗೆ ಹೋಗುತ್ತವೆ. ಅರಸೀಕೆರೆ, ಬೇಲೂರು ತಾಲ್ಲೂಕಿನವರಿಗೆ ಅವರ ಠಾಣೆ ಜಿಲ್ಲಾ ಕೇಂದ್ರವಾದ ಹಾಸನದಲ್ಲಿದೆ.

ಹಣ ಕೇಳಿಯೇ ಇಲ್ಲ, ಕಡತ ಮಾತ್ರ ಕದಲುತ್ತಿಲ್ಲ ಎನ್ನುವವರ ದೂರು ಇದರಲ್ಲಿ ಸೇರದು. ಅದಕ್ಕೆ 2011ರ ಸಕಾಲ ಕಾಯ್ದೆಯಿದೆ. ಅಧಿಸೂಚಿತ ಸೇವೆಯೊಂದು ನಿಗದಿತ ದಿನದೊಳಗೆ ಸಿಗದಿದ್ದರೆ ದಿನಕ್ಕೆ 20 ರೂಪಾಯಿಯಂತೆ, ಗರಿಷ್ಠ 500 ರೂಪಾಯಿವರೆಗೆ ಪರಿಹಾರ ವೆಚ್ಚವನ್ನು ಅರ್ಜಿದಾರ ಕೇಳಬಹುದು. ಅದನ್ನು ತಡಮಾಡಿದ ನೌಕರನ ಸಂಬಳದಿಂದ ವಸೂಲು ಮಾಡಲಾಗುತ್ತದೆ. ಅರ್ಜಿ ಸಲ್ಲಿಸಿದಾಗ ಕೊಡುವ ಸ್ವೀಕೃತಿ ಚೀಟಿಯಲ್ಲಿ ಸಕಾಲ ಸಂಖ್ಯೆ ಇರುತ್ತದೆ. ಆ ಚೀಟಿಯನ್ನು ಕೇಳಿ ಪಡೆದು ಇಟ್ಟುಕೊಂಡವರು ಆ ಮೊತ್ತವನ್ನು ತಮಗೆ ಸಲ್ಲಬೇಕಾದದ್ದೆಂದೇ ಕೇಳಬಹುದು.